ಚಿನ್ನದ ಸಭಾಂಗಣದಲ್ಲಿ ನಿಂತು ಕೇಳಿ

ವಿಯೆನ್ನಾದಲ್ಲಿ ಒಂದೇ ಒಂದು ಸಂಜೆ ಬಿಡುವಿದ್ದರೂ ಅದನ್ನು ಮ್ಯೂಸಿಕ್‌ಫೆರೈನ್ ಎಂಬ ಸಂಗೀತಭವನಕ್ಕೆ ಮೀಸಲಿಡಿ. ಹಗಲಲ್ಲಿ ಗೈಡ್ ಜೊತೆ ಒಳಗೆ ಸುತ್ತಿ ಬರುವ ಏರ್ಪಾಡೂ ಇದೆ. ಆದರೆ ಆ ಕಟ್ಟಡ ಇರುವುದೇ ಕೇಳುವುದಕ್ಕೆ.

1812ರಲ್ಲಿ ಹುಟ್ಟಿದ ಸಂಗೀತಪ್ರಿಯರ ಸಂಘ ಇದನ್ನು ಕಟ್ಟಿಸಿತು. ಇಂದಿಗೂ ಅದೇ ಸಂಘ ನಡೆಸುತ್ತಿದೆ. ತೆಯೋಫಿಲ್ ಹ್ಯಾನ್ಸನ್ ಎಂಬ ವಾಸ್ತುಶಿಲ್ಪಿಯ ಕೈಚಳಕ. 1870ರ ಜನವರಿ 6ರಂದು ಬಾಗಿಲು ತೆರೆಯಿತು. ಬ್ರಾಮ್ಸ್‌ನ ಎರಡನೆಯ ಸಿಂಫನಿ 1877ರಲ್ಲಿ ಮೊದಲು ಕೇಳಿಸಿದ್ದು ಇಲ್ಲಿಯೇ.

ದೊಡ್ಡ ಸಭಾಂಗಣ ಸುಮಾರು 49 ಮೀಟರ್ ಉದ್ದ, 19 ಮೀಟರ್ ಅಗಲ. ಚಪ್ಪಲಿ ಡಬ್ಬಿಯಂಥ ಆಕಾರ. ಮರದ ನೆಲದಡಿ ಟೊಳ್ಳು, ತಂಬೂರಿಯ ಬುರುಡೆಯ ಹಾಗೆ. ಮೇಲ್ಚಾವಣಿ ತೂಗುಬಿಟ್ಟದ್ದು. ಗೋಡೆಗುಂಟ ನಿಂತ ಚಿನ್ನದ ಸ್ತ್ರೀಮೂರ್ತಿಗಳು ನಾದವನ್ನು ಚೆದುರಿಸಿ ಎಲ್ಲ ಮೂಲೆಗೂ ಹಂಚುತ್ತವೆ. ಧ್ವನಿವಿಜ್ಞಾನದ ಸೂತ್ರಗಳು ಬರುವ ಮೊದಲೇ ಇದನ್ನು ಕಟ್ಟಿದರಲ್ಲ ಎಂಬ ಬೆರಗು ನನಗಿನ್ನೂ ಆರಿಲ್ಲ.

ಆಸನಗಳು 1,744. ದುಬಾರಿ ಅನಿಸಿದರೆ ಹಿಂಬದಿಯಲ್ಲಿ ಸುಮಾರು 300 ಜನ ನಿಂತು ಕೇಳುವ ಜಾಗವಿದೆ, ಟಿಕೆಟ್ ತೀರಾ ಅಗ್ಗ. ಬೇಗ ಹೋದವರಿಗೆ ಮುಂದಿನ ಕಟಾಂಜನ ಹಿಡಿದು ನಿಲ್ಲಲು ಸಿಗುತ್ತದೆ. ಕಾಲು ನೋಯುತ್ತದೆ, ನಿಜ. ಆದರೂ ನನ್ನ ಸಲಹೆ ಅದೇ.

ಕಛೇರಿಗಳ ಕಾಲ ಸೆಪ್ಟೆಂಬರ್‌ನಿಂದ ಜೂನ್. ನಮ್ಮ ಏಪ್ರಿಲ್-ಮೇ ರಜೆಗೆ ಹೊಂದುತ್ತದೆ. ಜುಲೈ-ಆಗಸ್ಟ್‌ನಲ್ಲಿ ಇಲ್ಲಿ ನುಡಿಸುವ ವಾದ್ಯವೃಂದ ವಿಯೆನ್ನಾ ಫಿಲ್‌ಹಾರ್ಮೋನಿಕ್ ಸಾಲ್ಜ್‌ಬರ್ಗ್ ಉತ್ಸವದಲ್ಲಿರುತ್ತದೆ. ಬೀದಿಯಲ್ಲಿ ಹಳೇ ಕಾಲದ ವಿಗ್ ತೊಟ್ಟವರು ಟಿಕೆಟ್ ಮಾರಲು ಬಂದರೆ ಯಾವ ಸಭಾಂಗಣ, ಯಾವ ವಾದ್ಯವೃಂದ ಎಂದು ಕೇಳದೆ ದುಡ್ಡು ಕೊಡಬೇಡಿ. ಇಲ್ಲಿಂದ ಟೀವಿಯಲ್ಲಿ ಬರುವ ಹೊಸವರ್ಷದ ಕಛೇರಿಯ ಟಿಕೆಟ್‌ಗೆ ಲಾಟರಿ. ಹಿಂದಿನ ಫೆಬ್ರವರಿಯಲ್ಲೇ ಫಿಲ್‌ಹಾರ್ಮೋನಿಕ್‌ನ ಜಾಲತಾಣದಲ್ಲಿ ಹೆಸರು ಕೊಡಬೇಕು. 2004ರಲ್ಲಿ ನೆಲದಡಿ ನಾಲ್ಕು ಪುಟ್ಟ ಸಭಾಂಗಣಗಳೂ ಸೇರಿವೆ. ದೊಡ್ಡದರಲ್ಲಿ ಟಿಕೆಟ್ ಸಿಗದಿದ್ದರೆ ಅಲ್ಲಿ ವಿಚಾರಿಸಿ.

ಕಾರ್ಲ್ಸ್‌ಪ್ಲಾಟ್ಸ್ ಮೆಟ್ರೋ ನಿಲ್ದಾಣದಿಂದ ನಾಲ್ಕು ಹೆಜ್ಜೆ. ಚಳಿಯ ಕೋಟನ್ನು ಹೊರಗಿನ ಕೌಂಟರಿನಲ್ಲಿ ಬಿಟ್ಟೇ ಒಳಹೋಗಬೇಕು. ನಮ್ಮ ಕಛೇರಿಗಳಂತೆ ತೊಡೆ ತಟ್ಟಿ ತಾಳ ಹಾಕುವುದು, ನಡುವೆ ‘ಭಲೇ’ ಅನ್ನುವುದು ಅಲ್ಲಿಲ್ಲ. ಒಂದು ಭಾಗ ಮುಗಿದಾಗಲೂ ಚಪ್ಪಾಳೆಯಿಲ್ಲ. ಕೃತಿ ಪೂರ್ತಿ ಮುಗಿದು, ನಿರ್ದೇಶಕ ಕೈ ಇಳಿಸುವವರೆಗೆ ತಡೆಯಿರಿ. ಕೊನೆಯ ಸ್ವರ ಎರಡು ಸೆಕೆಂಡಿನಷ್ಟು ಹೊತ್ತು ಆ ಚಿನ್ನದ ಗೋಡೆಗಳ ನಡುವೆ ಉಳಿದಿರುತ್ತದೆ.