ಮೈಕಿನ ವಯರ್ ಎಲ್ಲಿಗೆ? – ಡಿಜಿಟಲ್ ಮಿಕ್ಸರ್ ಜೋಡಿಸುವ ಪಾಠ



ಕಾಫಿ ಕೊಯ್ಲು ಮುಗಿದು ಕೈಗೆ ಸ್ವಲ್ಪ ಬಿಡುವು ಸಿಕ್ಕ ಮೇಲೆ ನಮ್ಮ ಮೂಡಿಗೆರೆ, ಕಳಸ ಕಡೆ ಸಂಘಗಳ ವಾರ್ಷಿಕ ಸಭೆಗಳು ಶುರುವಾಗುತ್ತವೆ. ಅಂಥ ಒಂದು ಸಭೆಯಲ್ಲಿ ನಾವು ಕಂಡದ್ದು ಇದು. ಸಂಘದ ಲೆಕ್ಕ ಓದಲು ಒಬ್ಬ ಸದಸ್ಯೆ ಮೊದಲ ಸಲ ವೇದಿಕೆ ಹತ್ತಿದರು. ಮೈಕಿನಲ್ಲಿ ಸದ್ದೇ ಇಲ್ಲ. ಮೈಕ್‌ಸೆಟ್ ಹುಡುಗ ಟೀ ಕುಡಿಯೋಕೆ ಹೋಗಿದ್ದ. "ಗಟ್ಟಿಯಾಗಿ ಹೇಳಿ ಅಕ್ಕಾ" ಎಂದು ಹಿಂದಿನಿಂದ ಕೂಗಿದರು. ಅವರು ಎರಡು ಸಾಲು ಓದಿ, ಕಾಗದ ಮಡಚಿಕೊಂಡು ಇಳಿದೇಬಿಟ್ಟರು. ಆಮೇಲೆ ನೋಡಿದರೆ ವಯರ್ ಸರಿಯಾಗಿಯೇ ಇತ್ತು. ಹಿಂದಿನ ಕಾರ್ಯಕ್ರಮದವರು ಮಿಕ್ಸರ್‌ನೊಳಗೆ ಮಾಡಿಟ್ಟ ಜೋಡಣೆ ಹಾಗೇ ಉಳಿದಿತ್ತು, ಅಷ್ಟೇ.

ಹೀಗಾಗಬಾರದು ಎಂದರೆ ಪ್ರತಿ ಸಂಘದಲ್ಲಿ ಇಬ್ಬರಿಗಾದರೂ ಈ ಕೆಲಸ ಗೊತ್ತಿರಬೇಕು. ಅಡುಗೆಮನೆಯ ಮಿಕ್ಸಿ ನಡೆಸುವವರಿಗೆ ಈ ಮಿಕ್ಸರ್ ಕಷ್ಟವೇನಲ್ಲ.

ಎರಡು ಬದಿಗಳು

ಲೆಕ್ಕದ ಪುಸ್ತಕದಲ್ಲಿ ಜಮಾ, ಖರ್ಚು ಇರುವ ಹಾಗೆ ಮಿಕ್ಸರ್‌ಗೂ ಎರಡು ಬದಿ ಇವೆ. ಸದ್ದು ಒಳಗೆ ಬರುವ ಜಾಗ ಇನ್‌ಪುಟ್, ಹೊರಗೆ ಹೋಗುವ ಜಾಗ ಔಟ್‌ಪುಟ್. 2012ರಲ್ಲಿ ಬಂದ ಬೆಹ್ರಿಂಗರ್ ಎಕ್ಸ್32 ಎಂಬ ಮಿಕ್ಸರ್‌ನ ಹಿಂಬದಿಯಲ್ಲಿ ಮೈಕಿಗೆಂದೇ 32 ಇನ್‌ಪುಟ್, ಜೊತೆಗೆ 16 ಔಟ್‌ಪುಟ್ ಇವೆ. ನೋಡಿ ಗಾಬರಿಯಾಗಬೇಡಿ. ನಮ್ಮ ಸಭೆಗೆ ನಾಲ್ಕೈದು ಸಾಕು.

ಹಳೆಯ ಮಿಕ್ಸರ್‌ನಲ್ಲಿ 1ನೇ ತೂತಿಗೆ ಹಾಕಿದ ಮೈಕ್ 1ನೇ ಫೇಡರ್‌ಗೇ, ಅಂದರೆ ಮೇಲೆ ಕೆಳಗೆ ಜಾರಿಸುವ ಗುಂಡಿಗೇ, ಬರುತ್ತಿತ್ತು. ಡಿಜಿಟಲ್‌ನಲ್ಲಿ ಅದನ್ನು ಬೇಕೆಂದ ಕಡೆಗೆ ತಿರುಗಿಸಬಹುದು. ಇದಕ್ಕೆ ರೂಟಿಂಗ್ ಅಥವಾ ಪ್ಯಾಚ್ ಎನ್ನುತ್ತಾರೆ. ಆದ್ದರಿಂದ ಸದ್ದು ಬರದಿದ್ದರೆ ವಯರ್ ಮಾತ್ರವಲ್ಲ, ಪರದೆಯಲ್ಲಿ ರೂಟಿಂಗ್ ಕೂಡ ನೋಡಬೇಕು.

ಒಳಗೆ ಬರುವ ವಯರ್‌ಗಳು

1. ಮೈಕ್: ಮೂರು ಪಿನ್ನಿನ ದುಂಡನೆಯ ವಯರ್. ಇದರ ಹೆಸರು ಎಕ್ಸ್‌ಎಲ್‌ಆರ್. ಮೈಕಿನಿಂದ ಬರುವ ವಿದ್ಯುತ್ತು ಒಂದು ವೋಲ್ಟಿನ ಸಾವಿರದ ಕೆಲವು ಪಾಲು ಮಾತ್ರ. ಅದನ್ನು ಹೆಚ್ಚಿಸುವ ಗುಂಡಿಯೇ ಗೇನ್.

2. ಮೊಬೈಲ್: ಇದರ ಸದ್ದು ಮೈಕಿಗಿಂತ ಬಹಳ ಜೋರು. ಗೇನ್ ಪೂರ್ತಿ ಇಳಿಸಿ ಜೋಡಿಸಿ. ಒಂದು ತುದಿಯಲ್ಲಿ ಮೊಬೈಲ್ ಪಿನ್, ಇನ್ನೊಂದು ತುದಿಯಲ್ಲಿ ಎರಡು ಜಾಕ್ ಇರುವ ವಯರನ್ನೇ ತನ್ನಿ. ಎರಡು ಜಾಕನ್ನು ಎರಡು ಇನ್‌ಪುಟ್‌ಗೆ ಹಾಕಿ. ಎರಡೂ ಬದಿ ಒಂದೇ ಜಾಕಿನಲ್ಲಿರುವ ಸ್ಟೀರಿಯೋ ವಯರನ್ನು ಮೈಕಿನ ಇನ್‌ಪುಟ್‌ಗೆ ಚುಚ್ಚಿದರೆ ವಾದ್ಯ ಕೇಳುತ್ತೆ, ಹಾಡುವವರ ದನಿ ಮಾಯ! ಎರಡೂ ಬದಿಯಲ್ಲಿ ಒಂದೇ ರೀತಿ ಇರುವ ದನಿಯನ್ನು ಆ ಇನ್‌ಪುಟ್ ಒಂದರಿಂದೊಂದು ಕಳೆದುಬಿಡುತ್ತದೆ.

3. ಕೀಬೋರ್ಡ್: ಹತ್ತಿರವಿದ್ದರೆ ಜಾಕ್ ವಯರ್ ಸಾಕು. ದೂರದ ವೇದಿಕೆಯಿಂದಾದರೆ ನಡುವೆ ಡಿಐ ಬಾಕ್ಸ್ ಇಡಿ. ಇಲ್ಲದಿದ್ದರೆ ಉದ್ದ ವಯರಿನಲ್ಲಿ ಗುಂಯ್ ಎನ್ನುವ ಸದ್ದು ಸೇರುತ್ತದೆ.

48 ವೋಲ್ಟ್ ಎಂದು ಬರೆದ ಗುಂಡಿಯನ್ನು ಸುಮ್ಮನೆ ಒತ್ತಬೇಡಿ. ಕಂಡೆನ್ಸರ್ ಮೈಕಿಗೆ ಮಾತ್ರ ಅದು ಬೇಕು. ಮೊಬೈಲ್, ಲ್ಯಾಪ್‌ಟಾಪ್ ಜೋಡಿಸಿದ ಕಡೆ ಅದನ್ನು ಹಾಕಿದರೆ ಅವು ಕೆಡಬಹುದು.

ಹೊರಗೆ ಹೋಗುವ ವಯರ್‌ಗಳು

ಜನರ ಕಡೆಗೆ ಇಡುವ ಬಾಕ್ಸ್‌ಗಳಿಗೆ ಮೇನ್ ಎಡ, ಬಲ ಔಟ್‌ಪುಟ್. ವೇದಿಕೆ ಮೇಲಿನವರಿಗೆ ತಮ್ಮ ದನಿ ಕೇಳಿಸಲು ಇಡುವ ಮಾನಿಟರ್ ಬಾಕ್ಸಿಗೆ ಬಸ್ ಅಥವಾ ಆಕ್ಸ್ ಔಟ್‌ಪುಟ್. ಬಾಕ್ಸಿಗೇ ಕರೆಂಟ್ ವಯರ್ ಇದ್ದರೆ ಮಿಕ್ಸರ್‌ನಿಂದ ನೇರ ಜೋಡಿಸಿ. ಇಲ್ಲದಿದ್ದರೆ ನಡುವೆ ಆಂಪ್ಲಿಫೈಯರ್ ಬೇಕು. ಆಂಪ್ಲಿಫೈಯರ್‌ನಿಂದ ಬಾಕ್ಸಿಗೆ ಹೋಗುವ ವಯರನ್ನು ಮಾತ್ರ ಎಂದೂ ಮಿಕ್ಸರ್‌ಗೆ ಚುಚ್ಚಬೇಡಿ, ಮಿಕ್ಸರ್ ಸುಟ್ಟುಹೋಗಬಹುದು.

ಶುರು ಮಾಡುವ ಕ್ರಮ

ಕರೆಂಟ್ ಹಾಕುವ ಮೊದಲೇ ಎಲ್ಲ ವಯರ್ ಜೋಡಿಸಿ. ಮೊದಲು ಮಿಕ್ಸರ್ ಆನ್ ಮಾಡಿ, ಫೇಡರ್‌ಗಳನ್ನೆಲ್ಲ ಇಳಿಸಿ. ಹಿಂದಿನವರ ಜೋಡಣೆ ಅಳಿಸಿ, ಹೊಸದಾಗಿ ಶುರು ಮಾಡಿ. ಬಾಕ್ಸ್‌ಗಳನ್ನು ಕೊನೆಗೆ ಆನ್ ಮಾಡಿ. ಮುಗಿಸುವಾಗ ತಿರುವುಮುರುವು: ಮೊದಲು ಬಾಕ್ಸ್ ಆಫ್, ಆಮೇಲೆ ಮಿಕ್ಸರ್.

ಒಬ್ಬರು ಮೈಕಿನಲ್ಲಿ ನಿಜವಾಗಿ ಮಾತಾಡುವಷ್ಟೇ ಜೋರಾಗಿ ಮಾತಾಡಲಿ. ಕೆಂಪು ದೀಪ ಹತ್ತದಂತೆ ಗೇನ್ ಇಡಿ. ಗೇನ್ ಹೆಚ್ಚಾಗಿ ಒಡೆದ ದನಿಯನ್ನು ಫೇಡರ್ ಇಳಿಸಿ ಸರಿ ಮಾಡೋಕಾಗಲ್ಲ. ಎಲ್ಲ ಸರಿಯಾದ ಮೇಲೆ ಸೇವ್ ಮಾಡಿ. ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ಮಿಕ್ಸರ್‌ಗೆ ಒಂದು ಯುಪಿಎಸ್ ಇದ್ದರೆ ಒಳ್ಳೆಯದು.

ಜೀವಕ್ಕಿಂತ ಸದ್ದು ದೊಡ್ಡದಲ್ಲ

ಗುಂಯ್ ಎನ್ನುವ ಸದ್ದು ನಿಲ್ಲಿಸಲು ಕೆಲವರು ಪ್ಲಗ್ಗಿನ ಮೂರನೇ ಪಿನ್, ಅಂದರೆ ಅರ್ತ್ ಪಿನ್, ಮುರಿಯುತ್ತಾರೆ. ಇದು ತಪ್ಪು. ಮಲೆನಾಡಿನ ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಮೈಕ್ ಹಿಡಿದವರಿಗೆ ಶಾಕ್ ಹೊಡೆದರೆ ಜೀವವೇ ಹೋಗಬಹುದು. ಮಿಕ್ಸರ್, ಬಾಕ್ಸ್ ಎಲ್ಲಕ್ಕೂ ಅರ್ತ್ ಸರಿಯಿರುವ ಒಂದೇ ಕಡೆಯಿಂದ ಕರೆಂಟ್ ಕೊಡಿ. ಬೋರ್ಡಿನಲ್ಲಿ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಇದೆಯೇ ಎಂದು ಕೇಳಿ ತಿಳಿದುಕೊಳ್ಳಿ.

ಶಬ್ದಮಾಲಿನ್ಯ ನಿಯಮ 2000ರ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಅದನ್ನು ಹಾಕುವಂತಿಲ್ಲ. ಇದನ್ನೂ ನೆನಪಿಡಿ.

ಸಭೆಯಲ್ಲಿ ಮಾಡಿ ನೋಡಿ

• ನಡಾವಳಿ ಪುಸ್ತಕದ ಹಿಂದಿನ ಪುಟದಲ್ಲಿ ಬರೆಯಿರಿ: ಯಾವ ಮೈಕ್, ಯಾವ ಇನ್‌ಪುಟ್, ಯಾವ ಫೇಡರ್, ಯಾವ ಬಾಕ್ಸ್.
• ಪ್ರತಿ ವಯರಿನ ಎರಡೂ ತುದಿಗೆ ಒಂದೇ ನಂಬರ್ ಅಂಟಿಸಿ.
• ಮುಂದಿನ ಸಭೆಗೆ ಈ ಕೆಲಸ ವಹಿಸಿಕೊಳ್ಳುವ ಇಬ್ಬರು ಯಾರು? ಇವತ್ತೇ ಹೆಸರು ಬರೆಯಿರಿ.

ಅವತ್ತು ಕಾಗದ ಮಡಚಿಕೊಂಡು ಇಳಿದ ಆ ಅಕ್ಕ ವರ್ಷವಿಡೀ ಒಂದು ರೂಪಾಯಿ ತಪ್ಪದಂತೆ ಲೆಕ್ಕ ಬರೆದವರು. ಅವರ ಮಾತು ಕೊನೆಯ ಸಾಲಿನಲ್ಲಿ ಕುಳಿತವರಿಗೂ ಕೇಳಬೇಕಿತ್ತು. ಮುಂದಿನ ಸಲ ಅವರು ಎದ್ದು ನಿಲ್ಲುವ ಮೊದಲು ನಮ್ಮವರೇ ಒಬ್ಬರು ಮಿಕ್ಸರ್ ಹತ್ತಿರ ಕೂತಿರಲಿ.