ಬಿದಿರಿನ ತುರಿಮಣೆ: ಜಪಾನಿನ ಒಂದು ಕೈ ಉಪಕರಣದಿಂದ ನಮ್ಮ ಕುಶಲ ಉದ್ಯಮಕ್ಕೆ ಪಾಠ

ಚನ್ನಪಟ್ಟಣದ ಅರಗಿನ ಬಣ್ಣದ ಮರಗೆಲಸವು ಬಹುಮಟ್ಟಿಗೆ ಆಟಿಕೆಗಳನ್ನೇ ಅವಲಂಬಿಸಿದೆ. ಒಂದೇ ಬಗೆಯ ಸರಕನ್ನು ನಂಬಿದ ಉದ್ಯಮಕ್ಕೆ ಬೇಡಿಕೆ ಕುಗ್ಗಿದಾಗ ಬೇರೆ ಆಸರೆ ಇರುವುದಿಲ್ಲ. ಅಡುಗೆಮನೆಯ ಸಾಮಗ್ರಿಗಳತ್ತ ಹೊರಳಬಯಸುವ ತಯಾರಕರು ಜಪಾನಿನ ‘ಓನಿ ಓರೋಶಿ’ ಎಂಬ ತುರಿಯುವ ಸಾಧನವನ್ನು ಅಭ್ಯಸಿಸುವುದು ಉಪಯುಕ್ತ.

ರಚನೆ ಮತ್ತು ಕಾರ್ಯವಿಧಾನ

‘ಓನಿ’ ಎಂದರೆ ರಾಕ್ಷಸ, ‘ಓರೋಶಿ’ ಎಂದರೆ ತುರಿಯುವಿಕೆ. ದೊಡ್ಡ ಹಲ್ಲುಗಳಿಂದ ಈ ಹೆಸರು. ಗರಗಸದಂತೆ ತ್ರಿಕೋನ ಹಲ್ಲುಗಳನ್ನು ಕತ್ತರಿಸಿದ ಬಿದಿರಿನ ಪಟ್ಟಿಗಳನ್ನು ಚೌಕಟ್ಟಿನ ನಡುವೆ ಸಾಲಾಗಿ ಅಡ್ಡಲಾಗಿ ಕೂರಿಸಿರುತ್ತಾರೆ. ಇದರಲ್ಲಿ ಮುಖ್ಯವಾಗಿ ಬಿಳಿ ಮೂಲಂಗಿಯನ್ನು ತುರಿಯುತ್ತಾರೆ. ಸಣ್ಣ ಹಲ್ಲಿನ ಲೋಹದ ತುರಿಮಣೆಯಲ್ಲಿ ಮೂಲಂಗಿ ನುಣ್ಣಗಾಗಿ ನೀರು ಬಿಡುತ್ತದೆ. ಬಿದಿರಿನ ಹಲ್ಲುಗಳಲ್ಲಿ ತುಣುಕುಗಳು ದಪ್ಪವಾಗಿ ಬೀಳುವುದರಿಂದ ರಸವು ಬಹುಪಾಲು ಒಳಗೇ ಉಳಿಯುತ್ತದೆ.

ನುಣುಪಾದ ತುರಿಗಾಗಿ ಜಪಾನಿನಲ್ಲಿ ತವರ ಲೇಪಿಸಿದ ತಾಮ್ರದ ಹಲಗೆಯೂ ಇದೆ. ಅದರ ಹಲ್ಲುಗಳನ್ನು ಉಳಿಯಿಂದ ಕೈಯಾರೆ ಎಬ್ಬಿಸುತ್ತಾರೆ. ಒಂದು ಮತ್ತೊಂದರ ಸ್ಥಾನವನ್ನು ಕಸಿಯುವುದಿಲ್ಲ. ಪ್ರತಿಯೊಂದಕ್ಕೂ ತನ್ನದೇ ಕೆಲಸವಿದೆ. ವ್ಯಾಪಾರಿಗಳು ಗಮನಿಸಬೇಕಾದ ಮುಖ್ಯ ಅಂಶ ಇದೇ. ಅಗ್ಗದ ಉಕ್ಕಿನ ತುರಿಮಣೆಯನ್ನು ಬೆಲೆಯಲ್ಲಿ ಸೋಲಿಸಲಾಗದು. ತುರಿಯ ಗುಣದಲ್ಲಿ ಮಾತ್ರ ಸ್ಪರ್ಧೆ ಸಾಧ್ಯ.

ನಮ್ಮಲ್ಲಿರುವ ಅನುಕೂಲ

ರಾಮನಗರ, ಕನಕಪುರ, ಮಾಗಡಿಗಳ ರೇಷ್ಮೆ ಸಾಕಣೆಗೆ ಬೇಕಾದ ಚಂದ್ರಿಕೆಗಳ ಮೂಲಕ ಬಿದಿರು ಸೀಳುವ, ಹೆಣೆಯುವ ಕೌಶಲ ಈ ಭಾಗಕ್ಕೆ ಪರಿಚಿತವಾದದ್ದು. ಚನ್ನಪಟ್ಟಣದಲ್ಲಿ ಆಲೆ ಮರವನ್ನು ಲೇಥ್‌ನಲ್ಲಿ ಕಡೆಯುವ ನುರಿತ ಕೈಗಳಿವೆ. 1927ರ ಭಾರತೀಯ ಅರಣ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯು ಬಿದಿರನ್ನು ‘ಮರ’ದ ವ್ಯಾಖ್ಯೆಯಿಂದ ಕೈಬಿಟ್ಟಿದೆ, ಅರಣ್ಯದ ಹೊರಗೆ ಬೆಳೆದ ಬಿದಿರಿನ ವ್ಯವಹಾರಕ್ಕೆ ಇದರಿಂದ ಅನುಕೂಲವಾಗಿದೆ. ಬಳಕೆಯನ್ನೂ ದೂರ ಹುಡುಕಬೇಕಿಲ್ಲ: ಮೂಲಂಗಿ, ಸೌತೆಕಾಯಿಗಳ ಕೋಸಂಬರಿ ನೀರಾಗದಿರಬೇಕೆಂಬುದು ಪ್ರತಿ ಮನೆಯ ಅಪೇಕ್ಷೆ.

ಪಾಲಿಸಬೇಕಾದ ಎಚ್ಚರಿಕೆಗಳು

1. ಅರಗು ಬಿಸಿಗೆ ಮೆತ್ತಗಾಗುತ್ತದೆ, ಸೋಡದಂಥ ಕ್ಷಾರದಲ್ಲಿ ಕರಗುತ್ತದೆ. ಆದ್ದರಿಂದ ಬಣ್ಣ ಹಿಡಿಕೆಗೆ ಮಾತ್ರ ಇರಲಿ. ಹಲ್ಲುಗಳಿಗೂ ಆಹಾರ ತಾಗುವ ಭಾಗಕ್ಕೂ ಬೇಡ.

2. ಹಸಿ ಬಿದಿರು ಒಣಗುವಾಗ ಕುಗ್ಗಿ ಪಟ್ಟಿಗಳು ಸಡಿಲವಾಗುತ್ತವೆ. ಚೆನ್ನಾಗಿ ಒಣಗಿದ ಬಿದಿರನ್ನೇ ಬಳಸಬೇಕು.

3. ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ. ತೊಳೆದೊಡನೆ ಗಾಳಿಯಲ್ಲಿ ಒಣಗಿಸುವಂತೆ ಕನ್ನಡದಲ್ಲಿ ಮುದ್ರಿಸಿದ ಚೀಟಿಯನ್ನು ಸರಕಿನೊಡನೆ ಕೊಡುವುದು ಒಳ್ಳೆಯದು.

4. ಚನ್ನಪಟ್ಟಣದ ಭೌಗೋಳಿಕ ಸೂಚಕ ನೋಂದಣಿಯು ಆಟಿಕೆ ಮತ್ತು ಗೊಂಬೆಗಳ ಹೆಸರಿನಲ್ಲಿದೆ. ಅಡುಗೆ ಉಪಕರಣದ ಮೇಲೆ ಆ ಗುರುತನ್ನು ಹಾಕುವ ಮೊದಲು ತಜ್ಞರ ಸಲಹೆ ಅಗತ್ಯ.

ಉಪಸಂಹಾರ

ದೊಡ್ಡ ಬಂಡವಾಳ ಹೂಡುವ ಮೊದಲು ಹತ್ತಾರು ಮಾದರಿಗಳನ್ನು ತಯಾರಿಸಿ, ಪರಿಚಿತ ಮನೆಗಳಿಗೂ ಹೋಟೆಲುಗಳಿಗೂ ಒಂದೆರಡು ತಿಂಗಳು ಬಳಸಲು ಕೊಡಬೇಕು. ಹಲ್ಲು ಎಷ್ಟು ದಿನ ಬಾಳಿತು, ಪಟ್ಟಿ ಸಡಿಲವಾಯಿತೇ, ಶುಚಿ ಮಾಡುವುದು ಕಷ್ಟವಾಯಿತೇ ಎಂಬುದನ್ನು ಬರೆದಿಟ್ಟುಕೊಂಡು, ತಿದ್ದಿದ ಬಳಿಕವೇ ಬೆಲೆ ನಿಗದಿಪಡಿಸುವುದು ವಿವೇಕದ ಮಾರ್ಗ.