ರಿಪೋರ್ಟ್ ನೆಗೆಟಿವ್ ಬಂದ್ರೂ ಕಂದು ರೋಗ ಇರಬಹುದು

ಹೋದ ವರ್ಷ ನಮ್ಮ ಎಚ್‌ಎಫ್ ಕ್ರಾಸ್ ಹಸು ಏಳು ತಿಂಗಳಿಗೇ ಕಂದು ಹಾಕ್ತು. ಮಾರನೇ ದಿನವೇ ರಕ್ತ ಟೆಸ್ಟ್ ಮಾಡಿಸಿದೆ. ನೆಗೆಟಿವ್! ನಿರಾಳವಾಗಿ ಉಳಿದ ದನಗಳ ಜೊತೆಗೇ ಕಟ್ಟಿದೆ. ಮೂರು ವಾರ ಬಿಟ್ಟು ಡಾಕ್ಟರ್ ಒತ್ತಾಯಕ್ಕೆ ಮತ್ತೆ ಮಾಡಿಸಿದರೆ ಪಾಸಿಟಿವ್. ಲ್ಯಾಬ್‌ನವರದ್ದೇನೂ ತಪ್ಪಿಲ್ಲ, ಆತುರ ನನ್ನದು.

ಕಂದು ರೋಗ ಅಂದರೆ ಬ್ರೂಸೆಲ್ಲೋಸಿಸ್. ಮಾಮೂಲಿ ರಕ್ತ ಪರೀಕ್ಷೆ ಹುಡುಕೋದು ರೋಗಾಣುವನ್ನಲ್ಲ, ಅದರ ವಿರುದ್ಧ ಹಸುವಿನ ಮೈಯಲ್ಲಿ ಹುಟ್ಟುವ ಪ್ರತಿಕಾಯಗಳನ್ನು. ಕಂದು ಹಾಕಿದ ಹೊತ್ತಿಗೆ ಅವು ಪತ್ತೆಯಾಗುವಷ್ಟು ಏರಿರದೇ ಇರಬಹುದು. ಅದಕ್ಕೇ ಮೊದಲ ರಿಪೋರ್ಟ್ ನೆಗೆಟಿವ್ ಆದರೂ ಎರಡು–ಮೂರು ವಾರ ಬಿಟ್ಟು ಮತ್ತೊಮ್ಮೆ ಮಾಡಿಸಿ, ಅಲ್ಲೀವರೆಗೆ ಹಸುವನ್ನು ಬೇರೆ ಕಟ್ಟಿ.

ನಿಜವಾಗಿ ರೋಗ ಇರುವ 100 ದನಗಳಲ್ಲಿ ಟೆಸ್ಟ್ ಎಷ್ಟನ್ನು ಹಿಡಿಯುತ್ತೆ ಅನ್ನೋದೇ ಅದರ ಸೂಕ್ಷ್ಮತೆ. ಇದನ್ನು ಹೆಚ್ಚಿಸೋಕೆ ಲ್ಯಾಬ್‌ನಲ್ಲಿ ದಾರಿಗಳಿವೆ. ರೋಸ್ ಬೆಂಗಾಲ್ ಟೆಸ್ಟ್‌ನಲ್ಲಿ ಗುಲಾಬಿ ಬಣ್ಣ ಹಚ್ಚಿದ ಸತ್ತ ರೋಗಾಣುವಿನ ದ್ರಾವಣಕ್ಕೆ ಅಷ್ಟೇ ಸೀರಂ ಬೆರೆಸಿ 4 ನಿಮಿಷ ಅಲ್ಲಾಡಿಸ್ತಾರೆ. ಪ್ರತಿಕಾಯ ಇದ್ದರೆ ಸಣ್ಣ ಗಂಟು ಕಟ್ಟುತ್ತೆ. ಆಡು-ಕುರಿಯಲ್ಲಿ ಸಮಪಾಲು ಬೆರೆಸಿದರೆ ಕೆಲವು ತಪ್ಪಿಹೋಗುತ್ತವೆ. ಅದಕ್ಕೆ 25 ಮೈಕ್ರೋಲೀಟರ್ ದ್ರಾವಣಕ್ಕೆ 75 ಮೈಕ್ರೋಲೀಟರ್ ಸೀರಂ ಹಾಕ್ತಾರೆ. ಸೀರಂ ಮೂರು ಪಟ್ಟಾದರೆ ಪ್ರತಿಕಾಯವೂ ಅಷ್ಟು ಜಾಸ್ತಿ, ದುರ್ಬಲ ಕೇಸೂ ಸಿಕ್ಕಿಬೀಳುತ್ತೆ. ಖರ್ಚೂ ಹೆಚ್ಚಿಲ್ಲ, ನನಗೆ ತುಂಬಾ ಹಿಡಿಸಿದ ಉಪಾಯ ಇದು. ಫ್ರಿಜ್‌ನಿಂದ ತೆಗೆದ ಸೀರಂ, ದ್ರಾವಣ ಎರಡನ್ನೂ ಕೋಣೆಯ ಬಿಸಿಗೆ ತಂದೇ ಬೆರೆಸಬೇಕು.

ಎಲೈಸಾದಲ್ಲಿ ಕಣ್ಣಿಗೆ ಕಾಣುವ ಗಂಟೇ ಬೇಕಿಲ್ಲ. ಪ್ರತಿಕಾಯಕ್ಕೆ ಅಂಟಿಕೊಳ್ಳುವ ಕಿಣ್ವ ಬಣ್ಣ ಬರಿಸುತ್ತೆ, ಆ ಬಣ್ಣವನ್ನು ಯಂತ್ರ ಅಳೆಯುತ್ತೆ. ಹತ್ತಾರು ಹಸುಗಳ ಹಾಲು ಬೆರೆತ ಕ್ಯಾನಿನಲ್ಲಿ ರೋಗದ ಒಂದೆರಡು ಹಸುವಿನ ಪ್ರತಿಕಾಯ ತೆಳುವಾಗಿಬಿಡುತ್ತೆ, ಹಾಗಾಗಿ ಕ್ಯಾನಿನ ಹಾಲು ನೆಗೆಟಿವ್ ಬಂದರೆ ಎಲ್ಲಾ ಹಸುಗಳೂ ಪಾಸ್ ಅಂದುಕೊಳ್ಳಬೇಡಿ.

ಆದರೆ ಜಾಲರಿಯ ಕಣ್ಣು ಸಣ್ಣದಾದಷ್ಟೂ ಬೇಡದ್ದೂ ಸಿಗುತ್ತೆ. ಕರುವಾಗಿದ್ದಾಗ ಎಸ್-19 ಲಸಿಕೆ ಹಾಕಿಸಿದ ಹಸುವೂ ಪಾಸಿಟಿವ್ ತೋರಿಸಬಹುದು. ಲಸಿಕೆಯ ವಿಷಯ ಫಾರ್ಮ್‌ನಲ್ಲಿ ಬರೆಸಿ. ಪಾಸಿಟಿವ್ ಬಂತು ಅಂತ ಗಾಬರಿಯಾಗಬೇಡಿ, ಇನ್ನೊಂದು ವಿಧಾನದಲ್ಲೂ ಖಚಿತ ಮಾಡಿಸಿ. ಹಸುವನ್ನು ಸಂತೆಗಂತೂ ಹೊಡೀಬೇಡಿ.

ನಮ್ಮ ಕೈಲಿರೋದು ಸ್ಯಾಂಪಲ್. ರಕ್ತದ ಟ್ಯೂಬ್ ಕುಲುಕಬೇಡಿ, ಫ್ರೀಜರ್‌ನಲ್ಲೂ ಇಡಬೇಡಿ. ರಕ್ತಕಣ ಒಡೆದು ಸೀರಂ ಕೆಂಪಾದರೆ ಫಲಿತಾಂಶ ಕೆಡುತ್ತೆ. ಹೆಪ್ಪುಗಟ್ಟಿದ ಮೇಲೆ ತಂಪಾಗಿಟ್ಟು ಬೇಗ ತಲುಪಿಸಿ.

ಈ ರೋಗ ಮನುಷ್ಯರಿಗೂ ಅಂಟುತ್ತೆ. ಎರಡನೇ ರಿಪೋರ್ಟ್ ಬರೋವರೆಗೆ ಹಾಲು ಕಾಯಿಸದೆ ಕುಡೀಬೇಡಿ. ಬಿದ್ದ ಕಂದು, ಕಸ ಬರಿಗೈಯಲ್ಲಿ ಮುಟ್ಟದೆ, ಆಳದ ಗುಂಡಿಗೆ ಸುಣ್ಣ ಹಾಕಿ ಹೂಳಿ.